ಚಪ್ಪಾಳೆ ಸಾಕು, ವಾರಕ್ಕೊಂದು ಗಂಟೆ ಕೊಡಿ

ವಿದೇಶಿ ಭಾಷೆಗಳನ್ನು ಕಲಿಸುವ ಸಂಸ್ಥೆಗಳ ನಿರ್ದೇಶಕರಿಗೆ, ಪ್ರಾಂಶುಪಾಲರಿಗೆ ಮತ್ತು ಟೈಮ್‌ಟೇಬಲ್ ಹಾಕುವ ಎಲ್ಲರಿಗೂ,

ಮಾನ್ಯರೇ,

ನಮಸ್ಕಾರ. ನಾನು ಫ್ರೆಂಚ್ ಕಲಿಸುವವಳು. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವವಳು. ಈ ಪತ್ರ ಯಾವುದೋ ಒಂದು ಸಂಸ್ಥೆಯ ಮೇಲಿನ ಸಿಟ್ಟಲ್ಲ. ನಾನು ಕೆಲಸ ಮಾಡಿದ ಕಡೆಯೆಲ್ಲ ಕಂಡದ್ದು, ಜರ್ಮನ್, ಸ್ಪ್ಯಾನಿಷ್, ಜಪಾನೀಸ್ ಕಲಿಸುವ ಸ್ನೇಹಿತರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಥರ ಇದೆ. ಹಾಗಾಗಿ ನಿಮ್ಮೆಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ನೀವು ವೇದಿಕೆ ಹತ್ತಿ ನಮ್ಮ ಬಗ್ಗೆ ಎರಡು ಒಳ್ಳೆಯ ಮಾತಾಡುತ್ತೀರಿ. ಶಿಕ್ಷಕರ ಪ್ಯಾಶನ್ನೇ ನಮ್ಮ ಆಸ್ತಿ ಅನ್ನುತ್ತೀರಿ. ಎಲ್ಲ ಭಾಷಾ ವಿಭಾಗಗಳೂ ಒಂದೇ ಕುಟುಂಬ ಅನ್ನುತ್ತೀರಿ. ಕೇಳೋಕೆ ಚೆನ್ನಾಗಿರುತ್ತದೆ. ಆಮೇಲೆ ಹೊಸ ಟೈಮ್‌ಟೇಬಲ್ ಕೈಗೆ ಬರುತ್ತದೆ. ಆ ಕುಟುಂಬದ ಇಬ್ಬರು ಎದುರುಬದುರು ಕೂತು ಮಾತಾಡಲು ಅದರಲ್ಲಿ ಒಂದು ಗಂಟೆಯೂ ಸಿಗುವುದಿಲ್ಲ. ನಾನು ಕ್ಲಾಸಿನಿಂದ ಹೊರಗೆ ಬರುವಾಗ ಸ್ಪ್ಯಾನಿಷ್ ಟೀಚರ್ ಒಳಗೆ ಹೋಗುತ್ತಾರೆ. ಮಾರ್ಕರ್ ಕೈ ಬದಲಾಗುತ್ತದೆ. ನಮ್ಮ ಸಹಕಾರ ಅಷ್ಟಕ್ಕೇ ಮುಗಿಯುತ್ತದೆ.

ನನ್ನ ದೂರು ಇಷ್ಟೇ. ನಮ್ಮ ಹುಮ್ಮಸ್ಸನ್ನು ನೀವು ಸಮಯದ ಬದಲಿಗೆ ಬಳಸುತ್ತಿದ್ದೀರಿ. ‘ಅವರಿಗೆ ಭಾಷೆ ಅಂದರೆ ಪ್ರಾಣ, ಹೇಗಾದರೂ ಮಾಡಿಕೊಳ್ಳುತ್ತಾರೆ’ ಅನ್ನುವ ಲೆಕ್ಕ ನಿಮ್ಮದು. ಮಾಡಿಕೊಳ್ಳುತ್ತಿದ್ದೇವೆ, ನಿಜ. ರಾತ್ರಿ ಫೋನಿನಲ್ಲಿ, ಭಾನುವಾರ, ಕಾರಿಡಾರಿನಲ್ಲಿ ನಿಂತುಕೊಂಡೇ. ಅದನ್ನು ಪ್ಯಾಶನ್ ಅಂತ ಕರೆಯುತ್ತೀರಿ. ಬಿಟ್ಟಿ ಕೆಲಸ ಅನ್ನುವುದೂ ಅದನ್ನೇ.

ಬೇರೆ ಬೇರೆ ಭಾಷೆ ಕಲಿಸುವವರು ಜೊತೆಗೆ ಕೂತು ಏನು ಮಾಡುತ್ತಾರೆ, ಕಾಡುಹರಟೆ ಅಲ್ವಾ ಅಂತ ಒಬ್ಬ ಮೇಲಧಿಕಾರಿ ಒಮ್ಮೆ ನನ್ನನ್ನು ಕೇಳಿದ್ದರು. ಪ್ರಶ್ನೆ ಕೇಳಿದ್ದು ಒಳ್ಳೆಯದೇ. ಉತ್ತರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫ್ರೆಂಚ್ ಕಲಿಯುವವರು ಮೊದಲ ಬಾರಿ ಜೋರಾಗಿ ಎಡವುವುದು ಭೂತಕಾಲದಲ್ಲಿ. ಅಲ್ಲಿ ಎರಡು ರೂಪಗಳಿವೆ. ನಡೆದು ಮುಗಿದ ಘಟನೆಗೆ ಪಾಸೆ ಕಂಪೋಸೆ, ಹಿನ್ನೆಲೆಗೆ ಮತ್ತು ರೂಢಿಗೆ ಆಂಪಾರ್ಫೆ. ಕನ್ನಡದಲ್ಲಿ ‘ಓದುತ್ತಿದ್ದೆ, ಅಷ್ಟರಲ್ಲಿ ಫೋನ್ ಬಂತು’ ಅಂತೀವಲ್ಲ, ಸುಮಾರು ಅದೇ ಥರ. ನಿಯಮ ಬರೆಸಿದರೆ ಎಲ್ಲರೂ ಬರೆದುಕೊಳ್ಳುತ್ತಾರೆ. ಕಥೆ ಹೇಳಿ ಅಂದರೆ ಎಲ್ಲರೂ ತಪ್ಪುತ್ತಾರೆ. ನನ್ನ ಸ್ಪ್ಯಾನಿಷ್ ಸಹೋದ್ಯೋಗಿಗೂ ಇದೇ ತಲೆನೋವು. ಅಲ್ಲೂ ಇಂಥದ್ದೇ ಜೋಡಿ ಇದೆ: ಇಂದೆಫಿನಿದೊ, ಇಂಪೆರ್ಫೆಕ್ತೊ. ಅವರು ಇದಕ್ಕಾಗಿ ಒಂದು ಚಿತ್ರಮಾಲೆ ಮಾಡಿದ್ದರು. ಮಳೆ ಬರುತ್ತಿರುವ ಕಿಟಕಿ, ಪುಸ್ತಕ ಹಿಡಿದ ಹುಡುಗ, ಮಲಗಿದ ಬೆಕ್ಕು, ಇವೆಲ್ಲ ಪೆನ್ಸಿಲ್‌ನಲ್ಲಿ. ಬಡಿದುಕೊಂಡ ಫೋನು, ಉರುಳಿದ ಲೋಟ, ತೆರೆದ ಬಾಗಿಲು, ಇವು ಕೆಂಪು ಬಣ್ಣದಲ್ಲಿ. ಒಂದು ಪದವನ್ನೂ ಬರೆದಿರಲಿಲ್ಲ. ಪೆನ್ಸಿಲ್‌ನಲ್ಲಿ ಇರುವುದಕ್ಕೆ ಒಂದು ರೂಪ, ಕೆಂಪಿನಲ್ಲಿ ಇರುವುದಕ್ಕೆ ಇನ್ನೊಂದು.

ಅದನ್ನು ಕೇಳಿ ಪಡೆದು ನನ್ನ ಕ್ಲಾಸಿನಲ್ಲಿ ಹಾಕಿದೆ. ಮೊದಲ ಸಲ ಮಕ್ಕಳು ನಿಯಮ ಕೇಳದೆ ಕಥೆ ಹೇಳಿದರು. ಆದರೆ ಒಂದು ಚಿತ್ರ ಕೈಕೊಟ್ಟಿತು. ಸ್ಪ್ಯಾನಿಷ್‌ನಲ್ಲಿ, ಅದರಲ್ಲೂ ಸ್ಪೇನ್‌ನ ಬಹುಪಾಲು ಕಡೆ, ‘ಇವತ್ತು ಓದಿದ್ದೇನೆ’ ಅನ್ನುವುದಕ್ಕೂ ‘ನಿನ್ನೆ ಓದಿದೆ’ ಅನ್ನುವುದಕ್ಕೂ ಬೇರೆ ಬೇರೆ ರೂಪ ಬಳಸುತ್ತಾರೆ. ಆ ವ್ಯತ್ಯಾಸ ತೋರಿಸಲು ಅವರು ಒಂದು ಚಿತ್ರವನ್ನು ಕ್ಯಾಲೆಂಡರ್ ಜೊತೆ ಬರೆದಿದ್ದರು. ಆಡುಮಾತಿನ ಫ್ರೆಂಚ್‌ನಲ್ಲಿ ಎರಡಕ್ಕೂ ಪಾಸೆ ಕಂಪೋಸೆಯೇ ಸಾಕು. ನನ್ನ ವಿದ್ಯಾರ್ಥಿಗಳಿಗೆ ಆ ಕ್ಯಾಲೆಂಡರ್ ಯಾಕಿದೆ ಅಂತಲೇ ಗೊತ್ತಾಗಲಿಲ್ಲ. ನಾವಿಬ್ಬರೂ ಮತ್ತೆ ಕೂತೆವು. ಚಿತ್ರ ತಿದ್ದಿದೆವು. ಜರ್ಮನ್ ಟೀಚರ್ ಬಂದು, ನಮ್ಮಲ್ಲಿ ಈ ಭೂತಕಾಲದ ಜಗಳವೇ ಇಲ್ಲ, ಆದರೂ ಈ ಹಾಳೆ ನನಗೆ ಬೇಕು ಅಂದರು. ‘ಓದುತ್ತಿದ್ದಾಗ’ ಅನ್ನುವಂಥ ಉಪವಾಕ್ಯ ಬಂದರೆ ಜರ್ಮನ್‌ನಲ್ಲಿ ಕ್ರಿಯಾಪದ ಆ ಉಪವಾಕ್ಯದ ಕೊನೆಗೆ ಹೋಗುತ್ತದೆ. ಅದನ್ನು ರೂಢಿ ಮಾಡಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಬೇಡ ಅಂತ ಅವರ ವಾದ. ಜಪಾನೀಸ್ ಟೀಚರ್ ಅದೇ ಪೆನ್ಸಿಲ್ ಭಾಗವನ್ನು ‘ಮಾಡುತ್ತಿದ್ದೆ’ ಅನ್ನುವಂಥ ಅರ್ಥ ಕೊಡುವ ‘ತೆ ಇತಾ’ ರೂಪ ಕಲಿಸಲು ಇಟ್ಟುಕೊಂಡರು.

ಕಾಡುಹರಟೆ ಅಂದಿದ್ದು ಇದಕ್ಕೇ, ಮಾನ್ಯರೇ. ಒಂದು ಹಾಳೆ, ನಾಲ್ಕು ಭಾಷೆ, ನಾಲ್ಕು ಬೇರೆ ಪಾಠ. ಇದನ್ನೆಲ್ಲ ಮಾಡಿದ್ದು ಕ್ಲಾಸು ಮುಗಿದ ಮೇಲೆ, ಕಾವಲುಗಾರರು ದೀಪ ಆರಿಸಲು ಬರುವವರೆಗೆ. ಪಾಪ, ಅವರು ಎರಡು ಸಲ ಬಂದು ವಾಪಸ್ ಹೋಗುತ್ತಿದ್ದರು.

ಆಮೇಲೆ ಅಪ್ರೈಸಲ್ ಬಂತು. ಫಾರ್ಮಿನಲ್ಲಿ ಒಂದು ಕಾಲಂ: ‘ನೀವು ಸ್ವಂತವಾಗಿ ತಯಾರಿಸಿದ ಬೋಧನಾ ಸಾಮಗ್ರಿ’. ಒಂದೇ ಹೆಸರು ಬರೆಯಲು ಜಾಗ. ಆ ಚಿತ್ರಮಾಲೆ ಯಾರ ಸ್ವಂತ? ಮೊದಲು ಬರೆದವರದ್ದಾ, ತಿದ್ದಿದವರದ್ದಾ, ಇನ್ನೊಂದು ಬಳಕೆ ಹುಡುಕಿದವರದ್ದಾ? ಸ್ಪ್ಯಾನಿಷ್ ಸಹೋದ್ಯೋಗಿ ಆ ಕಾಲಂ ಖಾಲಿ ಬಿಟ್ಟರು. ಅದಕ್ಕೆ ಅವರ ಅಂಕ ಕಡಿಮೆಯಾಯಿತು. ಮುಂದಿನ ಟರ್ಮಿನಿಂದ ಅವರು ತಮ್ಮ ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಹಂಚಿಕೊಂಡವರಿಗೆ ನಷ್ಟ, ಮುಚ್ಚಿಟ್ಟವರಿಗೆ ಲಾಭ ಅಂತ ಫಾರ್ಮೇ ಹೇಳುತ್ತಿರುವಾಗ ಯಾರಾದರೂ ಇನ್ನೇನು ಮಾಡುತ್ತಾರೆ?

ಇನ್ನು ಪರೀಕ್ಷೆಯ ವಿಷಯ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದೆ. ನಿಮ್ಮ ಪ್ರತಿಯೊಂದು ಕರಪತ್ರದಲ್ಲೂ ಎ1, ಎ2, ಬಿ1 ಅಂತ ಹಂತಗಳು ಅಚ್ಚಾಗಿರುತ್ತವೆ. ಯಾರಿಗೆ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯಲು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟು ಅದು. ಎ1ರಿಂದ ಸಿ2ರವರೆಗೆ ಆರು ಹಂತ. ಆ ಚೌಕಟ್ಟಿನ ಜೀವಾಳವೇ ಭಾಷೆ ಯಾವುದಾದರೂ ಹಂತದ ಅರ್ಥ ಒಂದೇ ಅನ್ನುವುದು. ಫ್ರೆಂಚ್ ಬಿ1 ಮಾಡಿದವಳು ಫ್ರೆಂಚ್‌ನಲ್ಲಿ ಏನು ಮಾಡಬಲ್ಲಳೋ, ಜರ್ಮನ್ ಬಿ1 ಮಾಡಿದವನು ಜರ್ಮನ್‌ನಲ್ಲಿ ಅಷ್ಟನ್ನು ಮಾಡಬೇಕು. ಹಾಳೆ ಮೇಲೆ ವಿವರಣೆ ಓದಿದ ಮಾತ್ರಕ್ಕೆ ಇದು ಆಗುವುದಿಲ್ಲ. ಅಂಕ ಕೊಡುವವರು ಒಟ್ಟಿಗೆ ಕೂತು, ಒಂದೇ ರೆಕಾರ್ಡಿಂಗ್ ಕೇಳಿ, ಮೊದಲು ತಮ್ಮ ಪಾಡಿಗೆ ಅಂಕ ಹಾಕಿ, ಆಮೇಲೆ ವಾದ ಮಾಡಬೇಕು. 2008ರಲ್ಲಿ ಫ್ರಾನ್ಸ್‌ನ ಸೆವ್ರ್‌ನಲ್ಲಿ ಇದನ್ನೇ ಮಾಡಿದರು. ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಪರಿಣತರು ಒಂದೇ ಕಡೆ ಸೇರಿ, ಹದಿಹರೆಯದವರು ಮಾತಾಡಿದ ವಿಡಿಯೋಗಳನ್ನು ನೋಡಿ, ಯಾವುದು ಯಾವ ಹಂತ ಅಂತ ಅಳೆದರು.

ನಾವು ನಾಲ್ವರು ಸಣ್ಣ ಮಟ್ಟದಲ್ಲಿ ಅದನ್ನೇ ಪ್ರಯತ್ನಿಸಿದೆವು. ಎಲ್ಲರಿಗೂ ಅಷ್ಟಿಷ್ಟು ಫ್ರೆಂಚ್ ಬರುತ್ತದೆ, ಹಾಗಾಗಿ ನನ್ನ ಒಬ್ಬ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಅವಳ ಮೌಖಿಕ ಪರೀಕ್ಷೆಯ ರೆಕಾರ್ಡಿಂಗ್ ಕೇಳಿಸಿದೆ. ಇಬ್ಬರು ಬಿ1 ಪಾಸ್ ಅಂದರು. ಒಬ್ಬರು ಖಂಡಿತ ಫೇಲ್ ಅಂದರು. ಇನ್ನೊಬ್ಬರು ಬಿ1 ಬಿಡಿ, ಬಿ2 ಹತ್ತಿರ ಇದ್ದಾಳೆ ಅಂದರು! ಕಾರಣ ಹುಡುಕಿದಾಗ ಗೊತ್ತಾಗಿದ್ದು: ಫೇಲ್ ಅಂದವರು ಲಿಂಗ ಮತ್ತು ವಚನದ ತಪ್ಪುಗಳನ್ನು ಎಣಿಸುತ್ತಿದ್ದರು. ಬಿ2 ಅಂದವರು, ಅವಳು ಮಾತು ಸಿಗದೆ ಸಿಕ್ಕಿಕೊಂಡಾಗ ಸುತ್ತುಬಳಸಿ ಹೇಗೆ ದಾಟಿದಳು ಅನ್ನುವುದನ್ನು ಗಮನಿಸುತ್ತಿದ್ದರು. ಎರಡೂ ನೋಡಬೇಕಾದ ವಿಷಯಗಳೇ. ಆದರೆ ಇಲ್ಲಿಯವರೆಗೆ ನಮ್ಮ ವಿದ್ಯಾರ್ಥಿಗಳ ಫಲಿತಾಂಶ ಅವರ ಭಾಷೆಗಿಂತ, ಎದುರು ಯಾರು ಕೂತಿದ್ದರು ಅನ್ನುವುದರ ಮೇಲೆ ನಿಂತಿತ್ತು ಅಂತಾಯಿತಲ್ಲ.

ಇದನ್ನು ಬರೆದುಕೊಟ್ಟೆವು. ಉತ್ತರವಾಗಿ ಬಂದ ಸುತ್ತೋಲೆ ಹೀಗಿತ್ತು: ವೆಚ್ಚ ಕಡಿತದ ಕಾರಣ ಇನ್ನು ಮುಂದೆ ಮೌಖಿಕ ಪರೀಕ್ಷೆಗೆ ಒಬ್ಬರೇ ಪರೀಕ್ಷಕರು. ಗೋಥೆ ಇನ್‌ಸ್ಟಿಟ್ಯೂಟ್‌ನ ಬಿ1 ಮೌಖಿಕದಲ್ಲಿ ಇಬ್ಬರು ಪರೀಕ್ಷಕರಿರುತ್ತಾರೆ. ಆ ಪರೀಕ್ಷೆಯನ್ನು ತಯಾರಿಸಿದ್ದೇ ಜರ್ಮನಿಯ ಗೋಥೆ, ಆಸ್ಟ್ರಿಯಾದ ಪರೀಕ್ಷಾ ಸಂಸ್ಥೆ ಓಎಸ್‌ಡಿ, ಸ್ವಿಟ್ಜರ್ಲೆಂಡ್‌ನ ಫ್ರಿಬೂರ್ ವಿಶ್ವವಿದ್ಯಾಲಯ ಮೂರೂ ಸೇರಿ. ಮೂರು ದೇಶದವರು ಒಂದು ಪ್ರಶ್ನೆಪತ್ರಿಕೆಗೆ ಒಟ್ಟಿಗೆ ಕೂರುತ್ತಾರೆ. ನಮಗೆ ಪಕ್ಕದ ಕೋಣೆಯವರ ಜೊತೆ ಕೂರಲು ಅನುಮತಿ ಬೇಕು.

ಭಾಷಾ ಶಿಕ್ಷಕರು ಸೇರಿದರೆ ಏನಾಗಬಹುದು ಅನ್ನುವುದಕ್ಕೆ ಹಳೆಯ ಉದಾಹರಣೆ ಒಂದಿದೆ. ಡಿಕ್ಷನರಿಯಲ್ಲಿ ಪದದ ಪಕ್ಕ ಉಚ್ಚಾರಣೆ ತೋರಿಸುವ ಚಿಹ್ನೆಗಳಿರುತ್ತವಲ್ಲ, ಐಪಿಎ ಅಂತ. ಅದನ್ನು ರೂಪಿಸಿದ್ದು ಭಾಷಾ ಶಿಕ್ಷಕರ ಒಂದು ಪುಟ್ಟ ಗುಂಪು. 1886ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಪಾಸಿ ಮತ್ತು ಕೆಲವು ಶಿಕ್ಷಕರು ಸೇರಿ ಸಂಘ ಕಟ್ಟಿದರು. ಉಚ್ಚಾರಣೆ ಕಲಿಸುವುದು ಹೇಗೆ ಅನ್ನುವುದು ಅವರ ಚಿಂತೆ. ಅದೇ ವರ್ಷ ಡೆನ್ಮಾರ್ಕ್‌ನಿಂದ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಪಾಸಿಗೆ ಪತ್ರ ಬರೆದು, ಒಂದೊಂದು ಭಾಷೆಗೆ ಒಂದೊಂದು ಚಿಹ್ನೆ ಯಾಕೆ, ಎಲ್ಲಕ್ಕೂ ಒಂದೇ ಅಕ್ಷರಮಾಲೆ ಇರಲಿ ಅಂತ ಸೂಚಿಸಿದರು. 1888ರಲ್ಲಿ ಮೊದಲ ರೂಪ ಅಚ್ಚಾಯಿತು. ಪಾಸಿಯವರ ಅಪ್ರೈಸಲ್ ಫಾರ್ಮಿನಲ್ಲಿ ‘ಸ್ವಂತ ಸಾಮಗ್ರಿ’ ಕಾಲಂ ಇರಲಿಲ್ಲ ಅಂತ ಕಾಣುತ್ತದೆ.

ಈಗ ಅಡ್ಮಿಷನ್ ಕಾಲದ ಕಥೆ. ಮೀಟಿಂಗ್‌ನಲ್ಲಿ ಪರದೆ ಮೇಲೆ ಒಂದು ಗ್ರಾಫ್ ಬರುತ್ತದೆ. ಯಾವ ಭಾಷೆಗೆ ಎಷ್ಟು ಜನ ಸೇರಿದರು ಅಂತ. ಕಡಿಮೆ ಬಂದ ಭಾಷೆಯ ಬ್ಯಾಚ್ ಮುಚ್ಚುತ್ತೀರಿ, ಅಂದರೆ ಆ ಟೀಚರ್‌ನ ಗಂಟೆಗಳು ಹೋಗುತ್ತವೆ. ಆಮೇಲೆ ನಮ್ಮನ್ನೇ ಸೇರ್ಪಡೆ ಮೇಜಿನ ಹಿಂದೆ ಅಕ್ಕಪಕ್ಕ ಕೂರಿಸುತ್ತೀರಿ. ಒಬ್ಬರು ‘ಜರ್ಮನ್ ತುಂಬ ಕಷ್ಟ, ಫ್ರೆಂಚ್ ತಗೊಳ್ಳಿ’ ಅನ್ನುತ್ತಾರೆ. ಇನ್ನೊಬ್ಬರು ‘ಫ್ರೆಂಚ್‌ನಲ್ಲಿ ಬರೆಯೋದೊಂದು, ಓದೋದೊಂದು’ ಅನ್ನುತ್ತಾರೆ. ಕಾಂಜಿ ಲಿಪಿ ತೋರಿಸಿ ಹೆದರಿಸಿ ಜಪಾನೀಸ್‌ನಿಂದ ಓಡಿಸುವವರೂ ಇದ್ದಾರೆ. ಕಲಿಯಲು ಬಂದ ಹುಡುಗಿಗೆ ಯಾವ ಭಾಷೆ ಯಾಕೆ ಬೇಕು ಅಂತ ಕೇಳುವವರೇ ಇಲ್ಲ. ಸಂತೆಯಲ್ಲಿ ಗಿರಾಕಿ ಎಳೆದಾಡುವ ಹಾಗೆ ನಮ್ಮನ್ನು ಕೂರಿಸಿ, ಮರುವಾರ ‘ಅಂತರ್‌ಭಾಷಾ ಸಹಯೋಗ’ ಅಂತ ಕಾರ್ಯಕ್ರಮ ಇಟ್ಟರೆ ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಇನ್ನೊಂದು ಗೋಡೆ ನೀವು ಕಟ್ಟಿದ್ದೇ. ಆ ಭಾಷೆ ಮನೆಮಾತಾಗಿರುವವರಿಗೆ ಒಂದು ಸಂಬಳ, ಕಲಿತು ಕಲಿಸುವವರಿಗೆ ಇನ್ನೊಂದು. ಜಾಹೀರಾತಿನಲ್ಲಿ ಮುಂದೆ ಅವರ ಫೋಟೋ. ನಿಜ ಹೇಳಬೇಕೆಂದರೆ ಅವರೂ ಸುಖವಾಗಿಲ್ಲ. ಮಾತಾಡಿ ತೋರಿಸಿ ಅಂತ ಅವರನ್ನು ಕ್ಲಾಸಿಗೆ ಬಿಡುತ್ತೀರಿ, ವ್ಯಾಕರಣದ ಪ್ರಶ್ನೆ ಬಂದಾಗ ಅವರು ಕಂಗಾಲಾಗುತ್ತಾರೆ. ಮಗು ಭಾಷೆ ಕಲಿಯುವಾಗ ನಿಯಮ ಕಲಿಯುವುದಿಲ್ಲವಲ್ಲ. ನಾವು ನಿಯಮದ ಮೂಲಕವೇ ಬಂದವರು, ಎಲ್ಲಿ ಎಡವುತ್ತಾರೆ ಅಂತ ಗೊತ್ತು. ಅವರಿಗೆ ಯಾವುದು ಕಿವಿಗೆ ಹಿತ, ಯಾವುದು ಅಸಹಜ ಅಂತ ಗೊತ್ತು. ಇಬ್ಬರೂ ಸೇರಿದರೆ ಒಳ್ಳೆಯ ಪಾಠ. ಟೀಸಾಲ್ ಅನ್ನುವ ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘ ಮನೆಮಾತಿನ ಆಧಾರದಲ್ಲಿ ತಾರತಮ್ಯ ಮಾಡುವುದು ತಪ್ಪು ಅಂತ 2006ರಲ್ಲೇ ಹೇಳಿಕೆ ಕೊಟ್ಟಿದೆ.

ಆದರೆ ಇಬ್ಬರನ್ನು ಒಂದೇ ಕ್ಲಾಸಿಗೆ ತಳ್ಳಿದರೆ ಸಾಲದು. ಜಪಾನ್ 1987ರಿಂದ ಜೆಟ್ ಯೋಜನೆಯಲ್ಲಿ ಹೊರದೇಶದ ಯುವಜನರನ್ನು ಸಹಾಯಕ ಶಿಕ್ಷಕರಾಗಿ ಶಾಲೆಗಳಿಗೆ ಕಳಿಸುತ್ತಿದೆ. ಚೆನ್ನಾಗಿ ನಡೆದ ಕಡೆ ಅದ್ಭುತ. ಆದರೆ ‘ನಮ್ಮನ್ನು ಟೇಪ್ ರೆಕಾರ್ಡರ್ ಥರ ಬಳಸುತ್ತಾರೆ’ ಅನ್ನುವುದು ಆ ಸಹಾಯಕರ ಹಳೆಯ ದೂರು. ಒಟ್ಟಿಗೆ ಪಾಠ ಯೋಚಿಸಲು ಸಮಯವಿಲ್ಲದಿದ್ದರೆ ಇನ್ನೇನಾಗುತ್ತದೆ? ಒಬ್ಬರು ಪಾಠ ಮಾಡುತ್ತಾರೆ, ಇನ್ನೊಬ್ಬರು ವಾಕ್ಯ ಓದುತ್ತಾರೆ. ಅಲ್ಲೂ ಕೊರತೆ ಉತ್ಸಾಹದ್ದಲ್ಲ, ಗಂಟೆಯದ್ದು.

ನಮ್ಮಲ್ಲೂ ಎಲ್ಲರೂ ಸಹಕಾರಕ್ಕೆ ತುದಿಗಾಲಲ್ಲಿ ನಿಂತಿದ್ದಾರೆ ಅಂತ ನಾನು ಹೇಳುವುದಿಲ್ಲ. ವರ್ಷಾನುಗಟ್ಟಲೆ ಒಂದೇ ನೋಟ್ಸ್ ಓದುವವರಿದ್ದಾರೆ. ಪಡೆಯುವಾಗ ಮುಂದೆ, ಕೊಡುವಾಗ ಮಾಯ ಆಗುವವರಿದ್ದಾರೆ. ಒಬ್ಬರೇ ಕೂತು ಪಾಠ ತಯಾರಿಸುವುದೇ ಹಿತ ಅನ್ನುವವರೂ ಇದ್ದಾರೆ, ಅವರಲ್ಲಿ ಕೆಲವರು ನಮ್ಮೆಲ್ಲರಿಗಿಂತ ಒಳ್ಳೆಯ ಶಿಕ್ಷಕರು. ಹಾಗಾಗಿ ದಯವಿಟ್ಟು ಇದನ್ನು ಇನ್ನೊಂದು ಸಮಿತಿ ಮಾಡಬೇಡಿ. ಅಧ್ಯಕ್ಷರು, ಸಂಚಾಲಕರು, ನಡಾವಳಿ ಪುಸ್ತಕ ಯಾವುದೂ ಬೇಡ. ಕಡ್ಡಾಯ ಹಾಜರಾತಿಯಂತೂ ಬೇಡವೇ ಬೇಡ. ಒಂದು ಸಂಸ್ಥೆಯಲ್ಲಿ ಹಾಗೆ ಮಾಡಿದ್ದರು. ಬಂದವರೆಲ್ಲ ಸಹಿ ಹಾಕಿ ಫೋನ್ ನೋಡುತ್ತಾ ಕೂತಿದ್ದರು.

ನಾವು ಕೇಳುತ್ತಿರುವುದು ತುಂಬ ಸರಳ. ವಾರದಲ್ಲಿ ಒಂದು ಗಂಟೆ, ಆ ಗಂಟೆಯಲ್ಲಿ ಯಾವ ಭಾಷೆಗೂ ಕ್ಲಾಸ್ ಬೇಡ. ಅದಕ್ಕೆ ಕ್ಲಾಸಿನಷ್ಟೇ ಸಂಬಳ ಇರಲಿ, ಮುಖ್ಯವಾಗಿ ಗಂಟೆ ಲೆಕ್ಕದ ಶಿಕ್ಷಕರಿಗೆ. ಕಾಯಂ ನೌಕರರಿಗೆ ಅದು ಕೆಲಸದ ಸಮಯ, ನಮಗೆ ಮಾತ್ರ ಸೇವೆ ಅನ್ನುವ ಹಾಗಾಗಬಾರದು. ಹಣ ಎಲ್ಲಿಂದ ಅಂತ ಕೇಳುತ್ತೀರಿ. ಕ್ಲಾಸಿನ ಗಂಟೆಯ ಲೆಕ್ಕದಲ್ಲಿ ತಯಾರಿಯ ಸಮಯ ಯಾವತ್ತೂ ಇರಲಿಲ್ಲ, ಅದನ್ನು ಇಷ್ಟು ವರ್ಷ ನಾವೇ ಕೈಯಿಂದ ಹಾಕುತ್ತಾ ಬಂದಿದ್ದೇವೆ. ಈಗ ಅದರಲ್ಲಿ ಒಂದು ಪಾಲನ್ನು ನೀವು ಹೊರಿ ಅನ್ನುತ್ತಿದ್ದೇವೆ, ಅಷ್ಟೇ.

ಮೌಖಿಕ ಪರೀಕ್ಷೆಗೆ ಎರಡನೇ ಪರೀಕ್ಷಕರನ್ನು ವಾಪಸ್ ಕೊಡಿ. ಪ್ರತಿ ಟರ್ಮಿನ ಶುರುವಿನಲ್ಲಿ ಒಮ್ಮೆ ಎಲ್ಲ ಭಾಷೆಯವರೂ ಕೂತು ರೆಕಾರ್ಡಿಂಗ್ ಕೇಳಿ ಅಂಕ ಹಾಕುವ ಅಭ್ಯಾಸ ಆಗಲಿ. ಇದರಲ್ಲಿ ನಾವು ರಾಜಿಯಾಗುವುದಿಲ್ಲ, ಯಾಕೆಂದರೆ ಇದು ನಮ್ಮ ಅನುಕೂಲದ ವಿಷಯವಲ್ಲ, ವಿದ್ಯಾರ್ಥಿಗಳಿಗೆ ಸಿಗಬೇಕಾದ ನ್ಯಾಯ.

ಅಪ್ರೈಸಲ್ ಫಾರ್ಮಿನಲ್ಲಿ ಆ ಕಾಲಂ ಬದಲಿಸಿ. ‘ಯಾರ ಜೊತೆ ಏನು ಮಾಡಿದಿರಿ’ ಅಂತ ಕೇಳಿ. ಒಂದು ಹಾಳೆಯ ಮೇಲೆ ನಾಲ್ಕು ಹೆಸರಿದ್ದರೆ ನಾಲ್ವರಿಗೂ ಅಂಕ ಬರಲಿ. ಸೇರ್ಪಡೆಯ ಗ್ರಾಫನ್ನು ಟೀಚರ್‌ಗಳ ಅಳತೆಗೋಲು ಮಾಡುವುದನ್ನು ನಿಲ್ಲಿಸಿ. ಜನ ಯಾವ ಭಾಷೆ ಆರಿಸುತ್ತಾರೆ ಅನ್ನುವುದು ಕೆಲಸ, ವೀಸಾ, ಫ್ಯಾಷನ್ ಎಲ್ಲದರ ಮೇಲೆ ನಿಂತಿರುತ್ತದೆ. ನನ್ನ ಪಾಠ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಸೇರಿದವರು ಮುಂದಿನ ಹಂತಕ್ಕೆ ಉಳಿದರೋ ಇಲ್ಲವೋ ಅನ್ನುವುದರಿಂದ ಗೊತ್ತಾಗುತ್ತದೆ, ಬೇಕಿದ್ದರೆ ಅದನ್ನು ನೋಡಿ.

ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗಿ ಕೂರಲು ಬಿಡಿ. ತಪಾಸಣೆಯಾಗಿ ಅಲ್ಲ, ನಿಮಗೆ ವರದಿಯೂ ಬರುವುದಿಲ್ಲ. ಗೊತ್ತಿಲ್ಲದ ಭಾಷೆಯ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಾಗ ಕಲಿಯುವವರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಜಪಾನೀಸ್ ಕ್ಲಾಸಿನಲ್ಲಿ ಕೂತ ಮೇಲೆ ನಾನು ಫ್ರೆಂಚ್‌ನಲ್ಲಿ ಸೂಚನೆ ಕೊಡುವ ವೇಗವನ್ನೇ ಇಳಿಸಿದೆ. ಆದರೆ ಹೀಗೆ ಹೋಗಿ ಕೂರುವುದು ಅಪರೂಪ. ಹಲವು ದೇಶಗಳ ಆರ್ಥಿಕ ಸಂಘಟನೆಯಾದ ಓಇಸಿಡಿ 2018ರಲ್ಲಿ ನಡೆಸಿದ ಶಿಕ್ಷಕರ ಸಮೀಕ್ಷೆಯಲ್ಲೂ ಕಂಡದ್ದು ಇದೇ: ಸಹೋದ್ಯೋಗಿಗಳ ಜೊತೆ ಮಾತಾಡುವವರು ಬಹಳ, ಅವರ ಕ್ಲಾಸ್ ನೋಡುವವರು ಕಡಿಮೆ.

ಹೊರಗಿನ ಸಂಪರ್ಕಕ್ಕೂ ದಾರಿ ಬಿಡಿ. ನಮ್ಮ ಕಸುಬಿಗೆ ಸಂಘಗಳಿವೆ. ಆಧುನಿಕ ಭಾಷಾ ಶಿಕ್ಷಕರ ಅಂತರರಾಷ್ಟ್ರೀಯ ಒಕ್ಕೂಟ 1931ರದ್ದು, ಜರ್ಮನ್ ಶಿಕ್ಷಕರದ್ದು 1968ರದ್ದು, ಫ್ರೆಂಚ್ ಶಿಕ್ಷಕರದ್ದು 1969ರದ್ದು. ಸಮ್ಮೇಳನಕ್ಕೆ ಹೋಗಲು ರಜೆ ಕೇಳಿದರೆ ‘ಬದಲಿ ವ್ಯವಸ್ಥೆ ನೀವೇ ಮಾಡಿ’ ಅನ್ನುತ್ತೀರಿ. ಬೇರೆ ದೇಶದ ಕ್ಲಾಸಿನ ಜೊತೆ ನಮ್ಮ ಕ್ಲಾಸನ್ನು ಜೋಡಿಸಬೇಕೆಂದರೂ ಇದೇ ಗೋಳು. ಅಮೆರಿಕದ ಎಮ್‌ಐಟಿ ವಿಶ್ವವಿದ್ಯಾಲಯದ ಫ್ರೆಂಚ್ ಶಿಕ್ಷಕರು 1997ರಲ್ಲೇ ಅಮೆರಿಕ ಮತ್ತು ಫ್ರಾನ್ಸ್‌ನ ವಿದ್ಯಾರ್ಥಿಗಳನ್ನು ಇಂಟರ್‌ನೆಟ್ ಮೂಲಕ ಜೋಡಿಸಿ, ಒಂದೇ ಪ್ರಶ್ನೆಗೆ ಎರಡೂ ಕಡೆಯವರ ಉತ್ತರ ಹೋಲಿಸುವ ಹಾಗೆ ಮಾಡಿದರು. ಅದಕ್ಕೆ ದುಬಾರಿ ಯಂತ್ರ ಬೇಕಾಗಿಲ್ಲ. ಎರಡು ಕಡೆಯ ಶಿಕ್ಷಕರು ಟರ್ಮ್ ಶುರುವಾಗುವ ಮೊದಲೇ ಕ್ಯಾಲೆಂಡರ್ ಹೊಂದಿಸಿಕೊಳ್ಳಬೇಕು. ನನಗೆ ಯಾವ ಬ್ಯಾಚ್ ಸಿಗುತ್ತದೆ ಅಂತ ಕ್ಲಾಸಿನ ಹಿಂದಿನ ಸಂಜೆ ತಿಳಿಸಿದರೆ ನಾನು ಯಾರ ಜೊತೆ ಏನು ಹೊಂದಿಸಲಿ?

ಮುಂದಿನ ಟರ್ಮಿನ ಟೈಮ್‌ಟೇಬಲ್ ಅಂತಿಮ ಮಾಡುವ ಮೊದಲು ಎಲ್ಲ ಭಾಷೆಗಳಿಂದ ಒಬ್ಬೊಬ್ಬರನ್ನು, ಗಂಟೆ ಲೆಕ್ಕದವರನ್ನೂ ಸೇರಿಸಿ, ಕರೆಯಿರಿ. ಯಾವ ದಿನ, ಯಾವ ಗಂಟೆ ಖಾಲಿ ಇಡಬಹುದು ಅಂತ ನಾವೇ ಲೆಕ್ಕ ಹಾಕಿ ತರುತ್ತೇವೆ. ಒಪ್ಪಿಗೆ ಇಲ್ಲದಿದ್ದರೆ ಕಾರಣವನ್ನು ಬರೆದು ತಿಳಿಸಿ. ಮೌಖಿಕ ಪರೀಕ್ಷೆಯ ಸುತ್ತೋಲೆಯನ್ನು ಮಾತ್ರ ಅಲ್ಲಿಯವರೆಗೆ ಕಾಯದೆ ಈಗಲೇ ವಾಪಸ್ ಪಡೆಯಿರಿ. ಈ ಟರ್ಮಿನ ಪರೀಕ್ಷೆಗಳು ಹತ್ತಿರ ಬಂದಿವೆ.

ಉತ್ತರದ ನಿರೀಕ್ಷೆಯಲ್ಲಿ,

ವಿಶ್ವಾಸದಿಂದ,
ಗಂಟೆ ಲೆಕ್ಕದ ಒಬ್ಬ ಫ್ರೆಂಚ್ ಶಿಕ್ಷಕಿ